ಅಪ್ಪ ಲೆಸ್ಟರ್‌ನಲ್ಲಿ ತೀರಿಕೊಂಡರು, ಕಾವೇರಿ ಸೇರಿದರು: ಆ 26 ದಿನ

ಅಪ್ಪ ತೀರಿಕೊಂಡಿದ್ದು ಜನವರಿಯ ಒಂದು ಮಂಗಳವಾರ ಬೆಳಗಿನ ಜಾವ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ನಮ್ಮ ಮನೆಯ ಹಿಂದಿನ ಸಣ್ಣ ರೂಮಿನಲ್ಲಿ. ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ನೀರು ಕೇಳಿದರು. ಕೊಟ್ಟೆ. ಅರ್ಧ ಲೋಟ ಕುಡಿದು ಮಲಗಿದರು. ಐದು ಗಂಟೆಗೆ ಅವ್ವ ಕೂಗಿದಾಗ ಮೈ ತಣ್ಣಗಾಗಿತ್ತು.

ಅಪ್ಪನಿಗೆ 74 ವರ್ಷ. ಪಾಂಡವಪುರದ ಕಡೆ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದು ರಿಟೈರ್ ಆದವರು. ಆರು ತಿಂಗಳ ವಿಸಿಟರ್ ವೀಸಾದಲ್ಲಿ ಅವ್ವನ ಜೊತೆ ಮಗಳಾದ ನನ್ನ ಮನೆಗೆ, ಮೊಮ್ಮಗಳನ್ನು ನೋಡಲು ಬಂದಿದ್ದರು. ಬಂದು ಎರಡು ತಿಂಗಳಾಗಿತ್ತು ಅಷ್ಟೇ.

ಇದನ್ನು ಈಗ ಬರೆಯಲು ಕಾರಣ ಇದೆ. ಆ ಬೆಳಿಗ್ಗೆ ಫೋನ್ ಹಿಡಿದು ಹುಡುಕಿದಾಗ ನನಗೆ ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ. ತಂದೆ ತಾಯಿಯನ್ನು ಕರೆಸಿಕೊಳ್ಳುವ ನಮ್ಮವರು ಇಲ್ಲಿ ತುಂಬಾ ಜನ ಇದ್ದಾರೆ. ಯಾರಿಗೂ ಈ ದಿನ ಬರದಿರಲಿ. ಬಂದರೆ ನನ್ನಷ್ಟು ಕಂಗಾಲಾಗಬೇಡಿ.

ಇಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸ್‌ನವರು ಬಂದು ನೋಡಿ, ಜೀವ ಹೋಗಿ ಹಲವು ಗಂಟೆ ಆಗಿದೆ ಎಂದರು. ಅವರ ಹಿಂದೆಯೇ ಇಬ್ಬರು ಪೊಲೀಸರು ಬಂದರು. ಅವ್ವ ಹೆದರಿ ನನ್ನ ತೋಳು ಹಿಡಿದರು. "ಪೊಲೀಸ್ನೋರು ಯಾಕವ್ವ ಬಂದವ್ರೆ? ನಾವೇನ್ ಮಾಡ್ದೋ?" ನನಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ತಿಳಿಯಿತು, ಮನೆಯಲ್ಲಿ ಇದ್ದಕ್ಕಿದ್ದಂತೆ ಸಾವಾದರೆ ಇಲ್ಲಿ ಪೊಲೀಸರು ಬರುವುದು ಮಾಮೂಲು. ಯಾರ ಮೇಲೂ ಅನುಮಾನ ಇದೆ ಅಂತ ಅಲ್ಲ. ಮನೆಯಲ್ಲಿ ಹಿರಿಯರಿದ್ದರೆ ಇದನ್ನು ಮೊದಲೇ ಹೇಳಿಬಿಡಿ.

ಬಂದವರಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಹುಡುಗಿ. ಬಾಗಿಲ ಬಳಿ ನಮ್ಮ ಚಪ್ಪಲಿಗಳ ಸಾಲು ನೋಡಿದಳು. ಶೂ ಬಿಚ್ಚಲಾ ಎಂದು ಕೇಳಿದಳು. ಬೇಡ ಅಂದೆ. ಆದರೂ ಅಪ್ಪ ಮಲಗಿದ್ದ ರೂಮಿನ ಹೊರಗೆ ಬಿಚ್ಚಿಟ್ಟು ಒಳಗೆ ಹೋದಳು. ಅವ್ವ ಅವಳ ಕಾಲನ್ನೇ ನೋಡುತ್ತಿದ್ದರು. ನನ್ನ ತೋಳು ಬಿಟ್ಟಿದ್ದು ಆಗಲೇ.

ಮೊದಲ ತೊಡಕು ಅಲ್ಲಿಂದ ಶುರುವಾಯಿತು. ಇಲ್ಲಿ ಸಾವಿನ ಕಾರಣ ಬರೆದುಕೊಡಬೇಕಾದವರು ಆ ವ್ಯಕ್ತಿಯನ್ನು ನೋಡಿಕೊಂಡಿದ್ದ ಡಾಕ್ಟರ್. ಅದನ್ನು ಮೆಡಿಕಲ್ ಎಕ್ಸಾಮಿನರ್ ಅಂತ ಇನ್ನೊಬ್ಬ ಡಾಕ್ಟರ್ ಪರಿಶೀಲಿಸುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಅದು ಕಡ್ಡಾಯ. ಆದರೆ ಅಪ್ಪ ವಿಸಿಟರ್. ಅವರನ್ನು ಬಲ್ಲ ಡಾಕ್ಟರ್ ಈ ದೇಶದಲ್ಲಿ ಯಾರೂ ಇರಲಿಲ್ಲ. ಹಾಗಾಗಿ ವಿಷಯ ಕಾರೊನರ್ ಹತ್ತಿರ ಹೋಯಿತು. ಕಾರಣ ಗೊತ್ತಿಲ್ಲದ ಸಾವುಗಳನ್ನು ವಿಚಾರಿಸುವ ಅಧಿಕಾರಿ ಅವರು. ಅವರು ಬಿಡುವವರೆಗೆ ದೇಹ ನಮ್ಮ ಕೈಗೆ ಸಿಗುವುದಿಲ್ಲ. ಪಾಂಡವಪುರದ ಡಾಕ್ಟರ ಬಿಪಿ ಚೀಟಿ, ಮಾತ್ರೆಗಳು, ಹಳೆಯ ಇಸಿಜಿ ಎಲ್ಲಾ ಅವ್ವನ ಬ್ಯಾಗಿನಲ್ಲಿದ್ದವು. ಅವನ್ನು ಫೋಟೋ ತೆಗೆದು ಕಾರೊನರ್ ಆಫೀಸಿಗೆ ಕಳಿಸಿದೆ. ಅದರಿಂದ ತುಂಬಾ ಸಹಾಯವಾಯಿತು. ಊರಿಂದ ಬರುವವರ ಹತ್ತಿರ ವೈದ್ಯರ ಚೀಟಿಗಳನ್ನು ತಪ್ಪದೆ ತರಿಸಿ.

ಮಧ್ಯಾಹ್ನ ಕಾರೊನರ್ ಆಫೀಸಿನಿಂದ ಫೋನ್ ಬಂತು. ಪೋಸ್ಟ್‌ಮಾರ್ಟಂ ಬೇಕಾಗಬಹುದು, ಸರದಿ ಇದೆ, ಒಂದು ವಾರ ಅಥವಾ ಜಾಸ್ತಿ ಆಗಬಹುದು ಎಂದರು. ಊರಿನಲ್ಲಿ ಬೆಳಿಗ್ಗೆ ಹೋದವರನ್ನು ಸಂಜೆಯೊಳಗೆ ಕಳಿಸಿಕೊಡುವ ಜನ ನಾವು. ಅವ್ವನಿಗೆ ಹೇಗೆ ಹೇಳಲಿ? "ಕೊಯ್ಯೋದು ಬ್ಯಾಡ ಅಂತ ಹೇಳು ಮಗ" ಎಂದು ಅಳುತ್ತಾ ಕುಳಿತರು.

ದಾರಿ ತೋರಿಸಿದ್ದು ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳತಿ. ಅವಳು ಮುಸ್ಲಿಂ. ಅವರಲ್ಲೂ ಮಣ್ಣು ಮಾಡಲು ತಡ ಮಾಡುವಂತಿಲ್ಲ, ಅದಕ್ಕೇ ಈ ದಾರಿಗಳೆಲ್ಲ ಅವರಿಗೆ ಗೊತ್ತು. ಅವಳು ಎರಡು ಮಾತು ಹೇಳಿದಳು. ಒಂದು, ನಿಮ್ಮ ಪದ್ಧತಿ ಏನು, ಯಾಕೆ ಬೇಗ ಬೇಕು ಅಂತ ಬರವಣಿಗೆಯಲ್ಲಿ ಕೊಡು. ಹಿಂದೆ ಲಂಡನ್ನಿನ ಒಬ್ಬ ಕಾರೊನರ್ ಧರ್ಮದ ಕಾರಣಕ್ಕೆ ಯಾರಿಗೂ ದೇಹವನ್ನು ಮುಂಚೆ ಕೊಡುವುದಿಲ್ಲ ಎಂದು ನಿಯಮ ಮಾಡಿದ್ದರು. ಯಹೂದಿಗಳ ಶವಸಂಸ್ಕಾರ ಸಂಘ ಕೋರ್ಟಿಗೆ ಹೋಯಿತು. 2018ರಲ್ಲಿ ಹೈಕೋರ್ಟ್ ಆ ನಿಯಮ ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಎಲ್ಲರಿಗೂ ಮುಂಚೆಯೇ ಸಿಗುತ್ತದೆ ಅಂತ ಇದರ ಅರ್ಥ ಅಲ್ಲ. ಆದರೆ ಕೇಳಿದರೆ ಅವರು ಯೋಚಿಸಲೇಬೇಕು. ಎರಡನೆಯದು, ಕೊಯ್ಯುವ ಬದಲು ಸಿಟಿ ಸ್ಕ್ಯಾನ್ ಮಾಡಿ ಕಾರಣ ಹುಡುಕಲು ಆಗುತ್ತದಾ ಅಂತ ಕೇಳು. ಲೆಸ್ಟರ್ ವಿಶ್ವವಿದ್ಯಾಲಯದ ವೈದ್ಯರು ಇದರ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ.

ಅರ್ಧ ಪುಟದ ಪತ್ರ ಬರೆದೆ. ದೊಡ್ಡ ಶಾಸ್ತ್ರದ ಮಾತು ಯಾವುದೂ ಇಲ್ಲ. ನಮ್ಮಲ್ಲಿ ಬೇಗ ದಹನ ಮಾಡುತ್ತೇವೆ, ದೇಹಕ್ಕೆ ಕತ್ತಿ ತಾಗಿಸಲು ತಾಯಿಗೆ ಮನಸ್ಸಿಲ್ಲ, ಬಿಪಿ ಇತ್ತು, ಚೀಟಿ ಇಲ್ಲಿದೆ ಎಂದಷ್ಟೇ ಬರೆದೆ. ಸ್ಕ್ಯಾನ್‌ಗೆ ಒಪ್ಪಿದರು. ನಾವು 500 ಪೌಂಡ್ ಕೊಟ್ಟೆವು. ಆರನೇ ದಿನ ಸ್ಕ್ಯಾನ್ ಆಯಿತು, ಹೃದಯದ ರಕ್ತನಾಳ ಕಟ್ಟಿದ್ದು ಕಾರಣ ಅಂತ ಬಂತು. ಎಂಟನೇ ದಿನ ಬಿಟ್ಟುಕೊಟ್ಟರು. ಸ್ಕ್ಯಾನ್‌ನಲ್ಲಿ ಕಾರಣ ಸಿಗದಿದ್ದರೆ ಕೊಯ್ಯಲೇಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದರು. ಅವ್ವನಿಗೂ ಅದನ್ನು ಮುಚ್ಚಿಡದೆ ಹೇಳಿದ್ದೆ.

ಈ ಎಂಟು ದಿನ ಮನೆಯಲ್ಲಿ ಏನು ಮಾಡಬೇಕು ಅಂತಲೇ ತೋಚುತ್ತಿರಲಿಲ್ಲ. ಸೂತಕ ಶುರುವಾಗಿದೆಯಾ ಇಲ್ಲವಾ? ಹಾಲು ತುಪ್ಪ ಮೂರನೇ ದಿನಕ್ಕೆ, ಅದು ಯಾವತ್ತಿನಿಂದ ಮೂರು? ಊರಿನ ಹಿರಿಯರನ್ನು ಕೇಳಿದೆವು. ದಹನ ಆದ ದಿನದಿಂದ ಎಣಿಸಿ ಅಂದರು. ಬೇರೆಯವರಲ್ಲಿ ಬೇರೆ ಲೆಕ್ಕ ಇರಬಹುದು, ನಿಮ್ಮ ಮನೆಯವರನ್ನೇ ಕೇಳಿಕೊಳ್ಳಿ.

ಮನೆಯಲ್ಲಿ ಒಲೆ ಹಚ್ಚಲಿಲ್ಲ. ಊರಾಗಿದ್ದರೆ ನೆಂಟರು ಅಡುಗೆ ಮಾಡಿ ತರುತ್ತಿದ್ದರು. ಇಲ್ಲಿ ನೆಂಟರು ಎಲ್ಲಿಂದ ಬರಬೇಕು? ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಎರಡನೇ ದಿನ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಪಾತ್ರೆ ಸೂಪು. ಈ ದಿನಗಳಲ್ಲಿ ನೀವು ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ ಗೊತ್ತಿಲ್ಲ, ಅದಕ್ಕೆ ಬರೀ ತರಕಾರಿ ಹಾಕಿದ್ದೇನೆ, ಬೇಡವಾದರೆ ಬೇಸರವಿಲ್ಲ ಎಂದರು. ಅವ್ವ ಕೈ ಮುಗಿದರು. ಅಜ್ಜಿ ಅಪ್ಪಿಕೊಂಡುಬಿಟ್ಟರು. ಸೂತಕದ ಮನೆಯಲ್ಲಿ ಹೊರಗಿನವರು ಮುಟ್ಟುವುದಿಲ್ಲ, ನಮ್ಮ ಕಡೆ ಹೆಂಗಸರು ಹಾಗೆಲ್ಲ ಅಪ್ಪಿಕೊಳ್ಳುವುದೂ ಇಲ್ಲ. ಅವ್ವ ಒಂದು ಗಳಿಗೆ ಮರದ ಹಾಗೆ ನಿಂತರು. ಆಮೇಲೆ ಅವರ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಅಪ್ಪ ಹೋದ ಮೇಲೆ ಅಷ್ಟು ಅತ್ತಿದ್ದು ಅದೇ ಮೊದಲು.

ಎದುರು ಮನೆಯಲ್ಲಿ ಒಬ್ಬ ಗುಜರಾತಿ 'ಬಾ' (ಅವರ ಭಾಷೆಯಲ್ಲಿ ಅಮ್ಮ ಅಂತ) ಇದ್ದಾರೆ. 1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಈದಿ ಅಮೀನ್ 90 ದಿನ ಗಡುವು ಕೊಟ್ಟು ಏಷ್ಯಾದವರನ್ನು ಓಡಿಸಿದಾಗ ಅಲ್ಲಿಂದ ಬಂದವರು. ದಯವಿಟ್ಟು ಲೆಸ್ಟರ್‌ಗೆ ಬರಬೇಡಿ ಎಂದು ಇಲ್ಲಿನ ನಗರಸಭೆ ಆಗ ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಹಾಕಿತ್ತು. ಆ ಜಾಹೀರಾತು ಓದಿಯೂ ಬಂದವರು ಅವರು. ಈಗ ಬೆಲ್‌ಗ್ರೇವ್ ರಸ್ತೆಯಲ್ಲಿ ದೀಪಾವಳಿಗೆ ಊರೇ ಸೇರುತ್ತದೆ. ಬಾ ದಿನಾ ಮಧ್ಯಾಹ್ನ ಖಿಚಡಿ ಕಳಿಸುತ್ತಿದ್ದರು. ಅವ್ವನಿಗೂ ಅವರಿಗೂ ಭಾಷೆ ಗೊತ್ತಿಲ್ಲ. ಇಬ್ಬರೂ ಸುಮ್ನೆ ಪಕ್ಕ ಪಕ್ಕ ಕೂರುತ್ತಿದ್ದರು.

ಇಷ್ಟರಲ್ಲಿ ಒಂದು ದೊಡ್ಡ ನಿರ್ಧಾರ ಆಗಬೇಕಿತ್ತು. ದೇಹವನ್ನು ಊರಿಗೆ ಕಳಿಸುವುದಾ, ಇಲ್ಲೇ ದಹನ ಮಾಡುವುದಾ? ಊರಿಗೆ ಕಳಿಸಲು, ಶವಸಂಸ್ಕಾರದ ಏರ್ಪಾಟು ಮಾಡಿಕೊಡುವ ಫ್ಯೂನರಲ್ ಡೈರೆಕ್ಟರ್ 4,200 ಪೌಂಡ್ ಹೇಳಿದರು. ಕಾರೊನರ್‌ದು ದೇಶದಿಂದ ಹೊರಗೆ ಒಯ್ಯಲು ಅನುಮತಿ, ದೇಹ ಕೆಡದಂತೆ ಔಷಧಿ ತುಂಬಿದ ಸರ್ಟಿಫಿಕೇಟ್, ಸೋಂಕು ಇಲ್ಲ ಎನ್ನುವ ಪತ್ರ, ಭಾರತೀಯ ಕಾನ್ಸುಲೇಟ್ ಒಪ್ಪಿಗೆ, ಆಮೇಲೆ ವಿಮಾನದ ಕಾರ್ಗೋ. ಔಷಧಿ ತುಂಬುವುದು ಅಂದ ಕೂಡಲೇ ಅವ್ವ ಬೇಡವೇ ಬೇಡ ಅಂದರು. ನಮ್ಮ ಕಡೆ ಹೊಲದಲ್ಲೇ ಮಣ್ಣು ಮಾಡುವವರು ಜಾಸ್ತಿ. ಆದರೆ ನನ್ನನ್ನು ಸುಟ್ಟು ಕಾವೇರಿಗೆ ಬಿಡಿ ಎಂದು ಅಪ್ಪ ಮೊದಲಿನಿಂದ ಹೇಳುತ್ತಿದ್ದರು. ಹಾಗಾಗಿ ಇಲ್ಲೇ ದಹನ, ಬೂದಿ ಕಾವೇರಿಗೆ ಅಂತ ತೀರ್ಮಾನವಾಯಿತು.

ಟ್ರಾವೆಲ್ ಇನ್ಶೂರೆನ್ಸ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಪಾಲಿಸಿ ಇತ್ತು. ಬಿಪಿ ಇದೆ ಅಂತ ಫಾರಂನಲ್ಲಿ ಬರೆದಿರಲಿಲ್ಲ ಎಂದು ಕಂಪನಿ ಹಣ ಕೊಡಲಿಲ್ಲ. ಆ ಫಾರಂ ತುಂಬಿದ್ದು ನಾನೇ. ಕಂತು ಕಡಿಮೆಯಾಗುತ್ತದೆ ಅಂತ ಯಾವ ಕಾಯಿಲೆಯನ್ನೂ ಬಿಡಬೇಡಿ.

ಊರಿನಲ್ಲಿದ್ದ ಅಣ್ಣನಿಗೆ ಬರಲು ಆಗಲಿಲ್ಲ. ಅವನ ಹತ್ತಿರ ಪಾಸ್‌ಪೋರ್ಟೇ ಇರಲಿಲ್ಲ. ಪಾಸ್‌ಪೋರ್ಟ್ ಮಾಡಿಸಿ ವೀಸಾ ಪಡೆಯುವುದು ಎರಡು ವಾರದ ಮಾತಲ್ಲ. ಅಲ್ಲಿಂದಲೇ ದಿನಾ ಫೋನ್. "ಸೌದೇಲಿ ಸುಡಕ್ಕೆ ಆಗಲ್ವಾ? ಗ್ಯಾಸಲ್ಲೇ ಸುಡ್ಬೇಕಾ?" ಅಂತ ಒಂದೇ ಕೊರಗು. ನಾನು ಓದಿ ತಿಳಿದಿದ್ದನ್ನು ಅವನಿಗೆ ಹೇಳಿದೆ. ನ್ಯೂಕ್ಯಾಸಲ್‌ನ ದವೇಂದರ್ ಘಾಯ್ ಎಂಬ ಹಿರಿಯರು ತಮ್ಮನ್ನು ಸೌದೆಯಲ್ಲೇ ಸುಡಬೇಕು ಎಂದು ವರ್ಷಗಟ್ಟಲೆ ಹೋರಾಡಿದರು. 2006ರಲ್ಲಿ ನಗರಸಭೆ ಇಲ್ಲ ಎಂದಿತು, 2009ರಲ್ಲಿ ಹೈಕೋರ್ಟ್ ಇಲ್ಲ ಎಂದಿತು. 2010ರಲ್ಲಿ ಮೇಲಿನ ಕೋರ್ಟ್ ಒಪ್ಪಿತು. 1902ರ ಕಾಯಿದೆ ಕಟ್ಟಡದೊಳಗೆ ಸುಡಬೇಕು ಎನ್ನುತ್ತದೆ. ಗೋಡೆ ಇದ್ದು, ಮೇಲೆ ತೆರೆದಿದ್ದರೂ ಅದು ಕಟ್ಟಡವೇ ಎಂದಿತು ಕೋರ್ಟ್. ಆದರೆ ಕೋರ್ಟ್ ಒಪ್ಪಿದ ಮಾತ್ರಕ್ಕೆ ಲೆಸ್ಟರ್‌ನಲ್ಲಿ ಅಂಥ ಜಾಗ ಇರಬೇಕಲ್ಲ? ನಮಗೆ ಗ್ಯಾಸೇ ಗತಿ. ಇನ್ನೊಂದನ್ನೂ ಹೇಳಿದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬ್ರೈಟನ್ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನು ಅಲ್ಲಿನ ಗುಡ್ಡದ ಮೇಲೆ ಸೌದೆಯಲ್ಲೇ ದಹನ ಮಾಡಿದ್ದರು. ಆ ಜಾಗದಲ್ಲಿ ಈಗ ಛತ್ರಿ ಎಂಬ ಬಿಳಿ ಅಮೃತಶಿಲೆಯ ಸ್ಮಾರಕ ಇದೆ. ಅಣ್ಣ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವ್ರ ಮನೆಯೋರೂ ಇಲ್ಲೇ ಕೂತು ಅತ್ತಿರ್ತಾರೆ ಅಲ್ವಾ" ಅಂದ. ಅವತ್ತಿನಿಂದ ಸೌದೆಯ ಮಾತು ಎತ್ತಲಿಲ್ಲ.

ಸಾವು ನೋಂದಾಯಿಸಲು ರಿಜಿಸ್ಟ್ರಾರ್ ಆಫೀಸಿಗೆ ಒಂಬತ್ತನೇ ದಿನ ಹೋದೆ. ಸಾಮಾನ್ಯವಾಗಿ ಐದು ದಿನದೊಳಗೆ ಮಾಡಿಸಬೇಕು. ಕಾರೊನರ್ ಹತ್ತಿರ ಇದ್ದರೆ ಅವರ ಕಾಗದ ಬಂದ ಮೇಲೆ. ಅಲ್ಲಿ ಅರ್ಧ ಗಂಟೆ ಕಳೆದಿದ್ದು ಹೆಸರಿನ ಮೇಲೆ. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಪಹಣಿಯಲ್ಲಿ ಒಂದು ರೀತಿ, ಪೆನ್ಷನ್ ಪುಸ್ತಕದಲ್ಲಿ ಇನ್ನೊಂದು ರೀತಿ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗುತ್ತದೆ, ಮನೆತನದ ಹೆಸರು ಅಂತ ಬೇರೆ ಇರುವುದಿಲ್ಲ ಎಂದು ವಿವರಿಸಿದೆ. ರಿಜಿಸ್ಟ್ರಾರ್ ತಾಳ್ಮೆಯಿಂದ ಕೇಳಿ, ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಬರೆದು, ಬೇರೆ ಹೆಸರುಗಳನ್ನೂ ಸೇರಿಸಿದರು. ಸಹಿ ಹಾಕುವ ಮೊದಲು ಒಂದೊಂದು ಅಕ್ಷರ ಓದಿ. ಆಮೇಲೆ ತಿದ್ದಿಸಲು ಬೇರೆ ಅರ್ಜಿ, ಬೇರೆ ದುಡ್ಡು. ಸರ್ಟಿಫಿಕೇಟ್ ಒಂದಕ್ಕೆ 12.50 ಪೌಂಡ್. ನಾನು ಆರು ತೆಗೆದುಕೊಂಡೆ, ಆರೂ ಖರ್ಚಾದವು.

ದಹನ ಮಾಡುವ ಕ್ರೆಮಟೋರಿಯಂನಲ್ಲಿ ಸಿಕ್ಕ ದಿನ ಹದಿನೈದನೆಯದು. ಸಮಯ ಮುಕ್ಕಾಲು ಗಂಟೆ. ಅಷ್ಟರಲ್ಲಿ ಎಲ್ಲಾ ಮುಗಿಯಬೇಕು, ಹೊರಗೆ ಇನ್ನೊಂದು ಮನೆಯವರು ಕಾಯುತ್ತಿರುತ್ತಾರೆ. ಹಾಗಾಗಿ ಶಾಸ್ತ್ರವನ್ನು ಎರಡು ಭಾಗ ಮಾಡಿದೆವು. ಹಿಂದಿನ ದಿನ ಫ್ಯೂನರಲ್ ಡೈರೆಕ್ಟರ್ ಜಾಗದಲ್ಲೇ ಅಪ್ಪನಿಗೆ ಸ್ನಾನ ಮಾಡಿಸಿದೆವು. ಅದಕ್ಕೆ ಅಲ್ಲಿ ಬೇರೆ ಕೋಣೆ ಇದೆ, ಕೇಳಿದರೆ ಕೊಡುತ್ತಾರೆ. ಬಿಸಿನೀರು, ಅರಿಶಿನ, ಊರಿಂದ ತಂದಿದ್ದ ಬಿಳಿ ಪಂಚೆ, ಅವರು ಸ್ಕೂಲಿಗೆ ಹಾಕಿಕೊಂಡು ಹೋಗುತ್ತಿದ್ದಂಥದೇ ಜುಬ್ಬಾ. ಬಾಯಿಗೆ ಅಕ್ಕಿ ಹಾಕಿದೆವು, ತುಳಸಿ ಇಟ್ಟೆವು. ಪೆಟ್ಟಿಗೆಯೊಳಗೆ ಏನು ಇಡಬಾರದು ಅಂತ ಮೊದಲೇ ಪಟ್ಟಿ ಕೊಟ್ಟಿದ್ದರು. ಗಾಜು, ಲೋಹ, ತೆಂಗಿನಕಾಯಿ ಇಡುವಂತಿಲ್ಲ, ಕಾಯಿ ಒಲೆಯಲ್ಲಿ ಸಿಡಿಯುತ್ತದಂತೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮುಂಚೆಯೇ ತೆಗೆಸಬೇಕು. ಅಪ್ಪನಿಗೆ ಇರಲಿಲ್ಲ. ಕಾಯಿಯನ್ನು ಅವ್ವ ಪೆಟ್ಟಿಗೆಗೆ ಮುಟ್ಟಿಸಿ ಮನೆಗೆ ತಂದು ಒಡೆದರು.

ಬರುವವರು ಏನು ಹಾಕಿಕೊಳ್ಳಬೇಕು, ಹೂವು ತರಬಹುದಾ ಅಂತ ತುಂಬಾ ಜನ ಕೇಳಿದರು. ಪ್ರತಿಯೊಬ್ಬರಿಗೂ ಹೇಳಿ ಹೇಳಿ ಸಾಕಾಗಿ, ಒಂದು ಚಿಕ್ಕ ಮೆಸೇಜು ಬರೆದು ಎಲ್ಲರಿಗೂ ಕಳಿಸಿದೆ. ಬಿಳಿ ಬಟ್ಟೆ ನಮ್ಮ ರೂಢಿ, ನಿಮಗೆ ಕಪ್ಪು ರೂಢಿಯಾದರೆ ಕಪ್ಪು ಹಾಕಿಕೊಂಡು ಬನ್ನಿ. ಬಿಡಿ ಹೂವು ತನ್ನಿ. ಮುಖ ನೋಡಲು ಪೆಟ್ಟಿಗೆ ತೆರೆದಿರುತ್ತದೆ, ನೋಡಲೇಬೇಕು ಅಂತಿಲ್ಲ. ನಾವು ಜೋರಾಗಿ ಅಳಬಹುದು, ಗಾಬರಿಯಾಗಬೇಡಿ. ನಮ್ಮಲ್ಲಿ ಇಲ್ಲಿಂದ ಹೋಗಿ ಸ್ನಾನ ಮಾಡುತ್ತೇವೆ, ಹಾಗಾಗಿ ಊಟ, ಚಹಾ ಇರುವುದಿಲ್ಲ. ಇಷ್ಟೇ. ಈ ಮೆಸೇಜಿಗೆ ಬಂದಷ್ಟು ಥ್ಯಾಂಕ್ಸ್ ನನಗೆ ಬೇರೆ ಯಾವುದಕ್ಕೂ ಬಂದಿಲ್ಲ. ತಪ್ಪು ಮಾಡಿಬಿಡುತ್ತೇವೆ ಎನ್ನುವ ಭಯಕ್ಕೇ ಎಷ್ಟೋ ಜನ ದೂರ ನಿಲ್ಲುತ್ತಾರೆ. ಅದನ್ನು ನಾವೇ ಮೊದಲು ಹೇಳಿ ಕಳೆಯಬೇಕು.

ನಿಜವಾಗಿ ಕಷ್ಟವಾಗಿದ್ದು ಇನ್ನೊಂದು ವಿಷಯ. ಇಲ್ಲಿ ಕೊಳ್ಳಿ ಇಡುವುದಿಲ್ಲ. ಪೆಟ್ಟಿಗೆ ಒಲೆಯೊಳಗೆ ಹೋಗುವಾಗ ಮನೆಯವರು ಒಂದು ಗುಂಡಿ ಒತ್ತಬಹುದು. ಒಳಗೆ ಕೆಲವೇ ಜನಕ್ಕೆ ಅವಕಾಶ. ಗುಂಡಿ ಒತ್ತುವವರು ಯಾರು? ಅಣ್ಣ ಇಲ್ಲ. ದೊಡ್ಡಪ್ಪ ಫೋನಿನಲ್ಲಿ, "ಹೆಣ್ಮಗಳು ಬೆಂಕಿ ಇಡೋದು ಎಲ್ಲಾದ್ರೂ ಉಂಟಾ? ಅಳಿಯಂದ್ರು ಇಡ್ಲಿ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮನ ಸಾವಿಗೆ ಬರಲಾಗದ ಮನುಷ್ಯ, ಕೈಯಲ್ಲಿ ಉಳಿದಿದ್ದ ಪದ್ಧತಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನನ್ನ ಗಂಡ, "ನೀನು ಹೇಳಿದಂತೆ" ಅಂದರು. ನನಗೆ ಹೇಳಲು ಬಾಯಿ ಬರಲಿಲ್ಲ. ಮಗಳಾಗಿ ನನಗೆ ಆಸೆ ಇತ್ತು. ನಾನು ಒತ್ತಿದ್ದರಿಂದ ಅಪ್ಪನಿಗೆ ಏನಾದರೂ ಕಮ್ಮಿಯಾದೀತಾ ಎನ್ನುವ ಅಳುಕೂ ಇತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಮೂರನೇ ದಿನ ಅವ್ವನೇ ಫೋನ್ ಇಸ್ಕೊಂಡು ದೊಡ್ಡಪ್ಪನ ಹತ್ತಿರ ಮಾತಾಡಿದರು. "ಬಾವ, ಕೊನೇಲಿ ನೀರು ಕೊಟ್ಟೋಳು ಅವ್ಳು. ಬೆಂಕೀನೂ ಅವ್ಳೇ ಕೊಡ್ಲಿ. ಮಗ ಅಲ್ಲಿ ಕಾವೇರೀಲಿ ಬುಡ್ತಾನೆ." ಆ ಕಡೆ ಒಂದಷ್ಟು ಹೊತ್ತು ಮಾತಿಲ್ಲ. "ಸರಿ ಬುಡವ್ವ" ಅಂದರು ದೊಡ್ಡಪ್ಪ.

ಊರಿನಲ್ಲಿ ನಮ್ಮ ಮನೆ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಇಲ್ಲಿ ಅವ್ವ ಬಂದರು, ಬಾ ಬಂದರು, ಪಕ್ಕದ ಮನೆ ಅಜ್ಜಿ ಕಪ್ಪು ಕೋಟಿನಲ್ಲಿ ಬಂದರು, ನನ್ನ ಗೆಳತಿ ತಲೆಗೆ ಬಟ್ಟೆ ಹೊದ್ದು ಬಂದಳು. ಅಣ್ಣ, ದೊಡ್ಡಪ್ಪ, ಅಪ್ಪನ ಶಿಷ್ಯರು ಊರಿನ ಸೊಸೈಟಿ ಕಟ್ಟಡದಲ್ಲಿ ಕೂತು ನೇರ ಪ್ರಸಾರ ನೋಡಿದರು. ಅದಕ್ಕೆ 60 ಪೌಂಡ್. ನನಗೆ ಆ ಹಸಿರು ಗುಂಡಿಯ ನೆನಪು ಅಷ್ಟು ಸ್ಪಷ್ಟವಾಗಿಲ್ಲ. ಬೆರಳು ಒತ್ತಿದ್ದು ಗೊತ್ತು. ಅವ್ವನ ಕೈ ನನ್ನ ಕೈ ಮೇಲಿತ್ತು.

ಒಟ್ಟು ಖರ್ಚು ಕೇಳುವವರಿಗೆ: ಫ್ಯೂನರಲ್ ಡೈರೆಕ್ಟರ್ 2,900, ಕ್ರೆಮಟೋರಿಯಂ 1,050, ಸ್ಕ್ಯಾನ್ 500, ಸರ್ಟಿಫಿಕೇಟ್ 75, ಪ್ರಸಾರ 60, ಹೂವು 80. ಎಲ್ಲಾ ಸೇರಿ 4,665 ಪೌಂಡ್. ವಿಮಾನದ ಟಿಕೆಟ್ ಬೇರೆ. ಮೂರು ನಾಲ್ಕು ಕಡೆ ದರ ಕೇಳಿ. ದುಃಖದಲ್ಲಿ ಚೌಕಾಸಿ ಮಾಡಬಾರದು ಅಂತ ನಾನೂ ಅಂದುಕೊಂಡಿದ್ದೆ. ಎರಡನೆಯವರನ್ನು ಕೇಳಿದ್ದಕ್ಕೇ 700 ಪೌಂಡ್ ಕಮ್ಮಿಯಾಯಿತು.

ಬೂದಿ ಎರಡು ದಿನದ ಮೇಲೆ ಕೈಗೆ ಬಂತು. ನಮ್ಮಲ್ಲಿ ಆರಿಸುವ ಹಾಗೆ ಮೂಳೆ ಚೂರು ಇರಲಿಲ್ಲ, ನುಣ್ಣಗೆ ಪುಡಿ ಮಾಡಿ ಕೊಟ್ಟರು. ಇದು ಗೊತ್ತಿಲ್ಲದೆ ಅವ್ವನಿಗೆ ಸ್ವಲ್ಪ ಆಘಾತವಾಯಿತು. ಮೂರನೇ ದಿನ ಹಾಲು ತುಪ್ಪವನ್ನು ಹಿತ್ತಲಿನ ಗುಲಾಬಿ ಗಿಡದ ಬುಡಕ್ಕೆ ಬಿಟ್ಟೆವು. ಪಾತ್ರೆ ಲೋಹದ್ದು ಬೇಡ ಎಂದು ಹೇಳಿ ತೆಗೆದುಕೊಳ್ಳಿ, ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇಗೆ ಹಾಕುತ್ತಾರೆ. ಜೊತೆಗೆ ಡೆತ್ ಸರ್ಟಿಫಿಕೇಟ್, ಕ್ರಿಮೇಷನ್ ಸರ್ಟಿಫಿಕೇಟ್, ಒಳಗೆ ಬೂದಿ ಬಿಟ್ಟು ಬೇರೇನೂ ಇಲ್ಲ ಎನ್ನುವ ಫ್ಯೂನರಲ್ ಡೈರೆಕ್ಟರ್ ಪತ್ರ ಇಟ್ಟುಕೊಳ್ಳಿ. ಅಪ್ಪನ ಪಾಸ್‌ಪೋರ್ಟ್ ರದ್ದು ಮಾಡಿಸುವುದು, ಬೂದಿ ಒಯ್ಯುವ ವಿಚಾರ ಎರಡಕ್ಕೂ ಬರ್ಮಿಂಗ್‌ಹ್ಯಾಮ್‌ನ ಭಾರತೀಯ ಕಾನ್ಸುಲೇಟ್‌ಗೆ ಹೋದೆವು. ವಿಮಾನ ಕಂಪನಿಗೂ ಮೊದಲೇ ಹೇಳಿದ್ದೆವು. ಸೆಕ್ಯುರಿಟಿಯಲ್ಲಿದ್ದ ಸಿಖ್ ಯುವಕ ಪತ್ರ ಓದಿ, ಆ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಅವ್ವನಿಗೆ ವಾಪಸ್ ಕೊಟ್ಟ.

ಊರಿನ ಕೆಲಸಕ್ಕೆ ಒಂದು ಮಾತು. ಪೆನ್ಷನ್, ಬ್ಯಾಂಕು, ವಂಶವೃಕ್ಷ, ಪೌತಿ ಖಾತೆ ಎಲ್ಲದಕ್ಕೂ ಮರಣ ಪತ್ರ ಬೇಕು. ಇಂಗ್ಲೆಂಡಿನ ಪತ್ರಕ್ಕೆ, ಅದು ಅಸಲಿ ಎಂದು ಅಲ್ಲಿನ ಸರ್ಕಾರ ಹಾಕುವ ಅಪೊಸ್ಟಿಲ್ ಮುದ್ರೆಯನ್ನು ಅಲ್ಲಿಂದಲೇ ಹಾಕಿಸಿ ತನ್ನಿ. ನಾನು ಒಂದಕ್ಕೇ ಹಾಕಿಸಿದ್ದೆ. ಒಂದು ಕಚೇರಿಯವರು ಮೂಲ ಪತ್ರವನ್ನೇ ಇಟ್ಟುಕೊಂಡರು, ಆಮೇಲೆ ಪೋಸ್ಟಿನಲ್ಲಿ ಮತ್ತೆ ಮಾಡಿಸಿ ತರಿಸಬೇಕಾಯಿತು. ಕನ್ನಡ ಅನುವಾದವನ್ನೂ ನೋಟರಿ ಮಾಡಿಸಿಟ್ಟುಕೊಂಡರೆ ಒಂದು ಓಡಾಟ ಉಳಿಯುತ್ತದೆ.

ಇಪ್ಪತ್ತಾರನೇ ದಿನ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದೆವು. ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗಿ ಹರಿಯುತ್ತದೆ. ಅದು ದಹನದಿಂದ ಎಣಿಸಿದರೆ ಹನ್ನೊಂದನೇ ದಿನದ ಮರುದಿನ. ಅಣ್ಣ ತಲೆ ಬೋಳಿಸಿ ಕಾಯುತ್ತಿದ್ದ. ದೊಡ್ಡಪ್ಪನೂ ಬಂದಿದ್ದರು, ನನ್ನ ತಲೆ ಸವರಿ ಪಕ್ಕಕ್ಕೆ ಹೋಗಿ ನಿಂತರು. ಪೂಜೆ ಮುಗಿದ ಮೇಲೆ ಅಣ್ಣ ಮೊಣಕಾಲುದ್ದ ನೀರಿಗೆ ಇಳಿದ. ನಾನೂ ಇಳಿದೆ. ಪಾತ್ರೆಯ ಮೇಲೆ ಒಂದು ಬಿಳಿ ಚೀಟಿ ಅಂಟಿಸಿತ್ತು. ಇಂಗ್ಲಿಷಿನಲ್ಲಿ ಅಪ್ಪನ ಹೆಸರು, ದಿನಾಂಕ, ಒಂದು ನಂಬರು. ಅಣ್ಣ ಉಗುರಿನಿಂದ ಅದನ್ನು ಹರಿಯದ ಹಾಗೆ ನಿಧಾನಕ್ಕೆ ಬಿಡಿಸಿದ. ನನ್ನ ಕೈಗೆ ಕೊಟ್ಟು, ಪಾತ್ರೆಯ ಮುಚ್ಚಳ ತೆಗೆದ.